ದಿನಾ ಬೈಬಲ್ ಓದಿದರೂ ದೇವರ ಮೇಲಿನ ಪ್ರೀತಿ ಬೆಳೆಯುತ್ತಿಲ್ಲ, ಏನು ಮಾಡಲಿ?

ನಿಮ್ಮ ಪ್ರಶ್ನೆ ಇಷ್ಟು: ವರ್ಷದೊಳಗೆ ಇಡೀ ಬೈಬಲ್ ಮುಗಿಸುವ ಪಟ್ಟಿ ಇಟ್ಟುಕೊಂಡು ದಿನಾ ಬೆಳಿಗ್ಗೆ ಮೂರ್ನಾಲ್ಕು ಅಧ್ಯಾಯ ಓದುತ್ತಿದ್ದೀರಿ, ಪಟ್ಟಿಯಲ್ಲಿ ಗುರುತು ಬೀಳುತ್ತಿದೆ, ಆದರೆ ದೇವರ ಮೇಲಿನ ಪ್ರೀತಿ ಮಾತ್ರ ಇದ್ದಲ್ಲೇ ಇದೆ. ಎಲ್ಲಿ ತಪ್ಪುತ್ತಿದೆ ಎಂದು ಕೇಳಿದ್ದೀರಿ.

ಓದುವಾಗ ಏನನ್ನು ಹುಡುಕುತ್ತೀರಿ ಎಂಬುದನ್ನು ಮೊದಲು ಗಮನಿಸಿ. ನಮ್ಮಲ್ಲಿ ಹೆಚ್ಚಿನವರು ಬೈಬಲ್ ತೆರೆದ ಕೂಡಲೇ ‘ನಾನೇನು ಮಾಡಬೇಕು’ ಎಂದು ಕೇಳುತ್ತೇವೆ, ಇಲ್ಲವೇ ‘ಇವತ್ತು ನನಗೆ ಯಾವ ವಾಗ್ದಾನ ಸಿಗುತ್ತದೆ’ ಎಂದು ನೋಡುತ್ತೇವೆ. ಎರಡರಲ್ಲೂ ಕಣ್ಣು ನಮ್ಮ ಮೇಲೇ ಇರುತ್ತದೆ. ಹೀಗೆ ವರ್ಷಗಟ್ಟಲೆ ಓದಿದವರಿಗೆ ಕರ್ತವ್ಯ ಚೆನ್ನಾಗಿ ಗೊತ್ತಿರುತ್ತದೆ, ದೇವರ ಪರಿಚಯ ಕಡಿಮೆ ಇರುತ್ತದೆ. ಪರಿಚಯವಿಲ್ಲದವರನ್ನು ಪ್ರೀತಿಸುವುದು ಹೇಗೆ? ಯೋಹಾನನ ಮೊದಲನೆಯ ಪತ್ರ 4:19 ಯಾವುದು ಮೊದಲು, ಯಾವುದು ನಂತರ ಎಂದು ಹೇಳಿಬಿಟ್ಟಿದೆ: ಆತನು ಮೊದಲು ನಮ್ಮನ್ನು ಪ್ರೀತಿಸಿದ್ದರಿಂದ ನಾವು ಪ್ರೀತಿಸುತ್ತೇವೆ. ಹಾಗಾಗಿ ಯಾವ ಭಾಗ ಓದಿದರೂ ಮೊದಲ ಪ್ರಶ್ನೆ ‘ಇಲ್ಲಿ ದೇವರು ಏನು ಮಾಡುತ್ತಿದ್ದಾನೆ’ ಎಂಬುದೇ ಆಗಿರಲಿ.

ಇದಕ್ಕೆ ಒಂದು ಪೆನ್ಸಿಲ್ ಸಾಕು. ದೇವರು ಕರ್ತೃವಾಗಿರುವ ಕ್ರಿಯಾಪದಗಳ ಕೆಳಗೆ ಮಾತ್ರ ಗೆರೆ ಎಳೆಯಿರಿ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುವುದರಿಂದ ಕಣ್ಣಿಗೆ ಬೇಗ ಸಿಗುತ್ತದೆ. ವಿಮೋಚನಕಾಂಡ 2:23–25ರಲ್ಲಿ ಮಾಡಿ ನೋಡಿ. ಐಗುಪ್ತದಲ್ಲಿ ಬಿಟ್ಟಿದುಡಿಮೆಗೆ ಸಿಕ್ಕ ಜನ ನರಳುತ್ತಾರೆ. ದೇವರು ಕೇಳುತ್ತಾನೆ, ನೆನಪು ಮಾಡಿಕೊಳ್ಳುತ್ತಾನೆ, ನೋಡುತ್ತಾನೆ, ತಿಳಿದುಕೊಳ್ಳುತ್ತಾನೆ. ಮುಂದಿನ ಅಧ್ಯಾಯದ 7–8ನೇ ವಚನಗಳಲ್ಲಿ ಅವೇ ಮಾತುಗಳು ದೇವರ ಬಾಯಿಂದಲೇ ಬಂದು, ‘ಇಳಿದು ಬಂದಿದ್ದೇನೆ’ ಎಂಬ ಹೊಸದೊಂದು ಸೇರುತ್ತದೆ. ಬರೀ ‘ದೇವರು ದಯಾಮಯನು’ ಎಂದರೆ ಮನಸ್ಸಿಗೆ ಹಿಡಿಯಲು ಏನೂ ಸಿಗುವುದಿಲ್ಲ. ನರಳಾಟ ಕೇಳಿ ಇಳಿದು ಬಂದವನು ಎಂದಾಗ ಸಿಗುತ್ತದೆ.

ಎರಡನೆಯ ಹೆಜ್ಜೆ ಬಿಟ್ಟುಹೋದರೆ ಮೊದಲನೆಯದು ಬರೀ ಪಾಠವಾಗಿ ಉಳಿಯುತ್ತದೆ. ಗೆರೆ ಎಳೆದ ಮಾತುಗಳಲ್ಲಿ ಒಂದನ್ನು ಆರಿಸಿ, ‘ಆತನು’ ಇದ್ದಲ್ಲಿ ‘ನೀನು’ ಹಾಕಿ, ದೇವರಿಗೇ ತಿರುಗಿಸಿ ಹೇಳಿ. ‘ಆತನು ಕೇಳಿದನು’ ಎಂದು ಓದಿದ್ದನ್ನು ‘ನೀನು ಕೇಳುತ್ತೀ’ ಎನ್ನಿ. ಇದು ಹೊಸ ತಂತ್ರವಲ್ಲ, 23ನೇ ಕೀರ್ತನೆಯೇ ಹಾಗಿದೆ. ಮೊದಲ ಮೂರು ವಚನಗಳಲ್ಲಿ ಕುರುಬನ ವಿಷಯ ‘ಆತನು’ ಎಂದೇ ಸಾಗುತ್ತದೆ. ನಾಲ್ಕನೆಯದರಲ್ಲಿ ಕಾರ್ಗತ್ತಲಿನ ಕಣಿವೆ ಬರುತ್ತಿದ್ದ ಹಾಗೇ ಮಾತು ‘ನೀನು’ ಆಗುತ್ತದೆ. ದೇವರ ಬಗ್ಗೆ ಮಾತಾಡುತ್ತಿದ್ದವನು ದೇವರ ಜೊತೆ ಮಾತಾಡತೊಡಗುತ್ತಾನೆ. ಪ್ರೀತಿ ಬೆಳೆಯುವುದು ಬಹುಮಟ್ಟಿಗೆ ಈ ತಿರುವಿನಲ್ಲಿಯೇ ಎಂದು ನಾನು ನಂಬುತ್ತೇನೆ.

ಈಗ ಪ್ರಮಾಣದ ಮಾತು. ಪ್ರೊಟೆಸ್ಟಂಟ್ ಬೈಬಲ್‌ನ 66 ಪುಸ್ತಕಗಳಲ್ಲಿ 1189 ಅಧ್ಯಾಯಗಳಿವೆ. ವರ್ಷಕ್ಕೆ ಮುಗಿಸಲು ದಿನಕ್ಕೆ ಸುಮಾರು ಮೂರೂಕಾಲು ಬೇಕು. ಜನವರಿ 1ಕ್ಕೆ ಆದಿಕಾಂಡದಿಂದ ಹೊರಟವರು 24ರ ಸುಮಾರಿಗೆ ದೇವದರ್ಶನದ ಗುಡಾರದ, ಅಂದರೆ ಇಸ್ರಾಯೇಲರ ಆರಾಧನೆಯ ಡೇರೆಯ, ಅಳತೆಗಳಿಗೆ ಬರುತ್ತಾರೆ, ತಿಂಗಳ ಕೊನೆಗೆ ಬಲಿ ಮತ್ತು ಶುದ್ಧಾಚಾರದ ನಿಯಮಗಳಿರುವ ಯಾಜಕಕಾಂಡಕ್ಕೆ. ಅಲ್ಲೇ ಹೆಚ್ಚಿನವರು ನಿಲ್ಲುವುದು. ಸೋಮಾರಿತನಕ್ಕಿಂತ, ಓದಿದ್ದರ ಉಪಯೋಗ ಕಾಣದಿರುವುದೇ ಇದಕ್ಕೆ ಕಾರಣ. ಸ್ಕಾಟ್ಲೆಂಡಿನ ಡಂಡೀ ಊರಿನ ಸಭಾಪಾಲಕ ರಾಬರ್ಟ್ ಮರ್ರಿ ಮ್ಯಾಕ್‌ಚೇನ್ 1842ರ ಕೊನೆಯಲ್ಲಿ ತನ್ನ ಸಭೆಗಾಗಿ ಬರೆದ ಪಟ್ಟಿ ಇಂದಿಗೂ ಬಳಕೆಯಲ್ಲಿದೆ: ವರ್ಷಕ್ಕೆ ಹಳೆಯ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ. ಆತನೇ ಅದರ ಅಪಾಯಗಳನ್ನೂ ಬರೆದಿಟ್ಟ. ಓದು ಬರೀ ಶಾಸ್ತ್ರಕ್ಕೆ ಆಗಿಬಿಡುವುದು, ಮುಗಿಸಿದ್ದರಿಂದ ತಾನೇ ನೀತಿವಂತ ಎಂಬ ಹೆಮ್ಮೆ, ಗಮನವಿಲ್ಲದ ಓದು, ಹೊರಲಾರದ ನೊಗ. ನಿಮ್ಮ ಪ್ರಶ್ನೆಯಲ್ಲಿ ನಾಲ್ಕರಲ್ಲಿ ಎರಡಾದರೂ ಕಾಣುತ್ತಿವೆ.

ಅದಕ್ಕೇ ಈ ವರ್ಷ ಪಟ್ಟಿಯನ್ನು ಪಕ್ಕಕ್ಕಿಡಿ ಎನ್ನುತ್ತೇನೆ. ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯ. ವಾರಕ್ಕೆ ಐದರಂತೆ ಸರಿಯಾಗಿ 52 ವಾರ. ಇದಕ್ಕಿಂತ ಅನುಕೂಲದ ಲೆಕ್ಕ ಬೇರೆ ಇಲ್ಲ, ಏಕೆಂದರೆ ವಾರದಲ್ಲಿ ಎರಡು ದಿನ ಖಾಲಿ ಉಳಿಯುತ್ತವೆ. ಒಂದು ದಿನ ಒಂದು ಕೀರ್ತನೆ ಓದಿ, ಇನ್ನೊಂದನ್ನು ತಪ್ಪಿದ ದಿನಕ್ಕೆಂದು ಬಿಡಿ. ಮಾರ್ಕನ ಸುವಾರ್ತೆಯಿಂದ ಶುರು ಮಾಡಿ, ಅದು 16 ಅಧ್ಯಾಯ, ಮೂರು ವಾರಕ್ಕೆ ಚೂರು ಹೆಚ್ಚು. ದಿನಕ್ಕೆ 25 ನಿಮಿಷ ಸಾಕು: ಸುಮಾರು 10 ನಿಮಿಷದಲ್ಲಿ ಅಧ್ಯಾಯವನ್ನು ಒಮ್ಮೆ ಪೂರ್ತಿ, ಮನಸ್ಸು ನಿಂತ ಭಾಗವನ್ನು ಇನ್ನೊಮ್ಮೆ ಓದಿ. ಐದು ನಿಮಿಷ ಪೆನ್ಸಿಲ್ ಹಿಡಿಯಿರಿ. ಉಳಿದದ್ದು ಪ್ರಾರ್ಥನೆಗೆ. ಸಮಯ ಕಡಿಮೆ ಬಿದ್ದರೆ ಓದನ್ನು ಕಡಿತಗೊಳಿಸಿ, ಪ್ರಾರ್ಥನೆಯನ್ನಲ್ಲ. ಸಾಮಾನ್ಯವಾಗಿ ನಾವು ಇದರ ತಿರುವುಮುರುವು ಮಾಡುತ್ತೇವೆ.

ಬಾಯಿಬಿಟ್ಟು ಓದಿ. ಕೀರ್ತನೆ 1:2ರಲ್ಲಿ ‘ಧ್ಯಾನಿಸು’ ಎಂದು ನಾವು ಓದುವಲ್ಲಿ ಹೀಬ್ರೂವಿನಲ್ಲಿರುವುದು ‘ಹಾಗಾ’. ಮೆಲುದನಿಯಲ್ಲಿ ಗುನುಗುವುದು ಎಂದು ಅರ್ಥ. ಯೆಶಾಯ 31:4ರಲ್ಲಿ ಬೇಟೆಯ ಮೇಲೆ ನಿಂತ ಸಿಂಹದ ಗುರುಗುಟ್ಟುವಿಕೆಗೂ 38:14ರಲ್ಲಿ ಪಾರಿವಾಳದ ನರಳುವಿಕೆಗೂ ಅದೇ ಮಾತು. ಕಣ್ಣಲ್ಲೇ ಓಡಿಸಿದ ವಚನ ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ, ತುಟಿಯ ಮೇಲೆ ಬಂದದ್ದು ಉಳಿಯುತ್ತದೆ. ಫೋನಿನಲ್ಲಿ ಓದುವುದಾದರೆ ಇಂಟರ್ನೆಟ್ ಆಫ್ ಮಾಡಿ. ಸಾಧ್ಯವಾದರೆ ಅಚ್ಚಾದ ಪುಸ್ತಕವೇ ಇರಲಿ, ಹೋದ ವರ್ಷ ಎಳೆದ ಗೆರೆ ಈ ವರ್ಷ ಕಣ್ಣಿಗೆ ಬೀಳುವುದು ಅದರಲ್ಲಿ.

ಭಾಷೆಯೂ ಅಡ್ಡ ಬರುತ್ತದೆ. ಬೈಬಲ್ ಸೊಸೈಟಿಯ ಹಳೆಯ ಅನುವಾದದಲ್ಲಿ ‘ಕೊರತೆಪಡೆನು’, ‘ಹೆದರೆನು’ ಎಂಬಂಥ ರೂಪಗಳಿವೆ. ‘ಹೆದರೆನು’ ಎಂದರೆ ಹೆದರುವುದಿಲ್ಲ. ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದವರು ಇಲ್ಲಿ ಎಡವುತ್ತಾರೆ. ಅರ್ಥವಾಗದಿದ್ದರೆ ನಾಚಿಕೆ ಬೇಡ, ಸರಳ ಅನುವಾದವನ್ನೇ ಮುಖ್ಯವಾಗಿ ಇಟ್ಟುಕೊಂಡು ಹಳೆಯದನ್ನು ಬಾಯಿಪಾಠಕ್ಕೆ ಬಳಸಿ. ಅದರ ಲಯಕ್ಕೆ ಸಾಟಿಯಿಲ್ಲ. ದಿನಕ್ಕೊಂದು ಅನುವಾದ ಬದಲಿಸಬೇಡಿ.

ಹಾಗಾದರೆ ಯಾಜಕಕಾಂಡ ಬೇಡವೇ? ಬೇಕು, ಆದರೆ ಸುವಾರ್ತೆಯ ಜೊತೆಗೆ. ಕುಷ್ಠರೋಗಿಯೊಬ್ಬ ಯೇಸುವಿನ ಬಳಿ ಬರುವ ಮಾರ್ಕ 1:40–45ಕ್ಕೆ ಬಂದಾಗ ಯಾಜಕಕಾಂಡ 13:45–46 ತೆರೆಯಿರಿ. ಕುಷ್ಠರೋಗಿ ಹರಿದ ಬಟ್ಟೆ ತೊಟ್ಟು, ತಲೆ ಕೆದರಿಕೊಂಡು, ಬಾಯಿ ಮುಚ್ಚಿಕೊಂಡು ‘ಅಶುದ್ಧ, ಅಶುದ್ಧ’ ಎಂದು ಕೂಗುತ್ತಾ ಪಾಳೆಯದ ಹೊರಗೆ ಒಬ್ಬನೇ ಇರಬೇಕು. ಈಗ ಮಾರ್ಕನಿಗೆ ಮರಳಿ. ಯೇಸು ಮಾತಿನಿಂದಲೇ ವಾಸಿಮಾಡಬಹುದಿತ್ತು. ಕೈಚಾಚಿ ಮುಟ್ಟಿದನು, ಆಮೇಲೆ ಮಾತಾಡಿದನು. ಎಷ್ಟು ಕಾಲದಿಂದ ಯಾರೂ ಮುಟ್ಟದ ಮೈ ಅದು! 45ನೇ ವಚನವನ್ನೂ ಬಿಡಬೇಡಿ: ವಾಸಿಯಾದವನು ಹೋಗಿ ಎಲ್ಲರಿಗೂ ಸಾರಿದ, ಯೇಸು ಬಹಿರಂಗವಾಗಿ ಊರೊಳಗೆ ಬರಲಾರದೆ ಹೊರಗೆ ನಿರ್ಜನ ಸ್ಥಳಗಳಲ್ಲಿ ಇರಬೇಕಾಯಿತು. ಹೊರಗಿದ್ದವನು ಒಳಗೆ ಬಂದ, ಒಳಗಿದ್ದವನು ಹೊರಗೆ ಹೋದ. ಯಾಜಕಕಾಂಡ ಓದದವರಿಗೆ ಆ ಸ್ಪರ್ಶದ ಬೆಲೆ ತಿಳಿಯುವುದಿಲ್ಲ. ಹೀಗೆ ಜೋಡಿಸಿ ಓದಿದ ಒಂದು ಗಂಟೆ, ಗುರುತು ಹಾಕಲೆಂದು ಓದಿದ ಒಂದು ತಿಂಗಳಿಗಿಂತ ಹೆಚ್ಚು ಕೊಡುತ್ತದೆ.

ಒಂಟಿ ವಚನ ಕಿತ್ತು ಓದುವ ಅಭ್ಯಾಸದ ಬಗ್ಗೆಯೂ ಎಚ್ಚರ. ಯೆರೆಮೀಯ 29:11 ಗೋಡೆಯ ಕ್ಯಾಲೆಂಡರ್‌ನಲ್ಲಿ ಎಲ್ಲರ ಮನೆಯಲ್ಲೂ ಇರುತ್ತದೆ. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದ ಸಾಲು, ಹಿಂದಿನ ವಚನದಲ್ಲಿ 70 ವರ್ಷದ ಅವಧಿ ಇದೆ. ಸೇರಿಸಿ ಓದಿದರೆ, ಮುಂದಿನ ವಾರ ಕೆಲಸ ಕೊಡಿಸುವ ದೇವರಿಗಿಂತ, ಎಪ್ಪತ್ತು ವರ್ಷವೂ ಕೊಟ್ಟ ಮಾತು ಮರೆಯದ ದೇವರು ಸಿಗುತ್ತಾನೆ. ಮೊದಲನೆಯವನನ್ನು ನಂಬಿದವರಿಗೆ ಕೆಲಸ ಸಿಗದಾಗ ಪ್ರೀತಿ ತಣ್ಣಗಾಗುತ್ತದೆ.

ಒಂದೆರಡು ದಿನ ತಪ್ಪಿದರೆ ಹಿಂದಿನದನ್ನು ಸೇರಿಸಿ ಓದಲು ಹೋಗಬೇಡಿ. ಪುಟಗುರುತು ಇದ್ದಲ್ಲಿಂದ ಮುಂದುವರಿಯಿರಿ. ಯೆಹೋಶುವನ ಯುದ್ಧಗಳಂಥ ಕಷ್ಟದ ಭಾಗ ಬಂದರೆ ಪ್ರಶ್ನೆಯನ್ನು ಹಿಂದಿನ ಹಾಳೆಯಲ್ಲಿ ಬರೆದಿಟ್ಟು ನಿಮ್ಮ ಸಭಾಪಾಲಕರನ್ನೋ ಗುರುಗಳನ್ನೋ ಕೇಳಿ. ನುಂಗಿಕೊಂಡ ಪ್ರಶ್ನೆ ಒಳಗೇ ಹುಳಿಯುತ್ತದೆ.

ಇನ್ನು ಏನೂ ಅನ್ನಿಸದ ದಿನಗಳು. ಬರುತ್ತವೆ, ಕೆಲವೊಮ್ಮೆ ವಾರಗಟ್ಟಲೆ. ನಿದ್ದೆ, ಊಟ, ಕೆಲಸ ಎಲ್ಲದರಲ್ಲೂ ಮನಸ್ಸು ಇಲ್ಲವಾಗಿದ್ದರೆ ವೈದ್ಯರನ್ನೂ ಕಾಣಿರಿ, ಅದು ಭಕ್ತಿಯ ಕೊರತೆಯಲ್ಲ. ಅಂಥ ದಿನ ಇಲ್ಲದ ಭಾವನೆಯನ್ನು ಹಿಂಡಿ ತರಬೇಡಿ, ಕೀರ್ತನೆ 13, 42, 88 ತೆಗೆಯಿರಿ. 88 ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಸಮಾಧಾನದ ಸಾಲು ಬರುವುದಿಲ್ಲ. ಆದರೂ ಅದರ ದೂರುಗಳನ್ನು ಗಮನಿಸಿ ನೋಡಿ: ‘ಆತನು ನನ್ನನ್ನು ಬಿಟ್ಟುಬಿಟ್ಟ’ ಎಂದು ಕೀರ್ತನೆಗಾರ ಬೇರೆಯವರ ಹತ್ತಿರ ಹೇಳುತ್ತಿಲ್ಲ. ಎಲ್ಲವನ್ನೂ ‘ನೀನು’ ಎಂದೇ ಹೇಳುತ್ತಾನೆ. ಅದನ್ನು ಒಮ್ಮೆ ಗಟ್ಟಿಯಾಗಿ ಓದಿ ಬೈಬಲ್ ಮುಚ್ಚಿಟ್ಟರೆ ಆ ದಿನದ ಓದು ಆಯಿತು.