ಪುಸ್ತಕದಂಗಡಿಯಲ್ಲಿ ಉಳಿದ ಸಿನಿಮಾ

ಓದುಗರೊಬ್ಬರ ಪತ್ರ: “ಮಲಯಾಳದ ಮೂಕಿ ಚಿತ್ರ ‘ಮಾರ್ತಾಂಡ ವರ್ಮ’ವನ್ನು ಹಾಳು ಮಾಡಿದ್ದೇ ಕಾದಂಬರಿಯ ಪ್ರಕಾಶಕರು. ನಿಮ್ಮ ಲೇಖನ ಅವರ ಬಗ್ಗೆ ಇಷ್ಟು ಮೃದುವಾಗಿರುವುದೇಕೆ?”

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆರ್. ಸುಂದರರಾಜ್ ಹಣ ಹಾಕಿ, ಪಿ.ವಿ. ರಾವ್ ನಿರ್ದೇಶಿಸಿದ ಚಿತ್ರ ಅದು. 1933ರಲ್ಲಿ ತಿರುವನಂತಪುರದಲ್ಲಿ ತೆರೆ ಕಂಡ ಸ್ವಲ್ಪದರಲ್ಲೇ ಕೋರ್ಟಿನ ಆದೇಶದಿಂದ ನಿಂತುಹೋಯಿತು. ಹಣ ಹಾಕಿದವರ ಪಾಡು ನೆನೆದರೆ ಯಾರಿಗಾದರೂ ನೋವಾಗುತ್ತದೆ.

ಆದರೆ ತಪ್ಪು ಯಾರದು? ಸಿ.ವಿ. ರಾಮನ್ ಪಿಳ್ಳೆ 1891ರಲ್ಲಿ ಈ ಕಾದಂಬರಿ ಪ್ರಕಟಿಸಿದರು. ಸಿನಿಮಾ ಬರುವಾಗ ಅವರು ಬದುಕಿರಲಿಲ್ಲ. ಹಕ್ಕು ಪ್ರಕಾಶಕರಾದ ಕಮಲಾಲಯ ಬುಕ್ ಡಿಪೊ ಕೈಲಿತ್ತು. ಚಿತ್ರ ಮಾಡಿದವರು ಆ ಹಕ್ಕು ಪಡೆದಿರಲಿಲ್ಲ, ಅದಕ್ಕೇ ಪ್ರಕಾಶಕರು ಕೋರ್ಟಿಗೆ ಹೋದರು. ಸುಮ್ನೆ ಪ್ರಕಾಶಕರನ್ನು ಬೈಯುವುದು ನನಗೆ ಸರಿ ಕಾಣುವುದಿಲ್ಲ.

ಮುಂದಿನ ಮಾತೇ ಮುಖ್ಯ. ಕೇಸಿನ ನಂತರ ಚಿತ್ರದ ಪ್ರತಿ ಆ ಪುಸ್ತಕದಂಗಡಿಯಲ್ಲೇ ಉಳಿಯಿತು. 1974ರಲ್ಲಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಸಿಕ್ಕಿತು. ಆ ಕಾಲದ ಬೇರೆ ಪ್ರತಿಗಳ ಗತಿ ನಿಮಗೆ ಗೊತ್ತಲ್ವಾ? ಊರೂರು ಸುತ್ತಿ ಸವೆದವು, ಬೆಂಕಿಗೆ ಸಿಕ್ಕವು. ಎಷ್ಟೋ ರೀಲುಗಳನ್ನು ಅದರಲ್ಲಿದ್ದ ಬೆಳ್ಳಿಗಾಗಿ ಕರಗಿಸಿದರು. ಮಲಯಾಳದ ಮೊದಲ ಚಿತ್ರ, ಜೆ.ಸಿ. ಡೇನಿಯಲ್ ಅವರ ‘ವಿಗತಕುಮಾರನ್’ ಕೂಡ ಉಳಿದಿಲ್ಲ. ಪ್ರದರ್ಶನ ನಿಲ್ಲಿಸಿದ ಜಗಳವೇ ಈ ರೀಲುಗಳನ್ನು ಕಾಪಾಡಿತು ಎಂದು ನಾನು ನಂಬಿದ್ದೇನೆ.

ಕೇಸಿನ ಕತೆಯಲ್ಲೇ ನಾವು ನಿಂತುಬಿಡುತ್ತೇವೆ, ಚಿತ್ರದ ಬಗ್ಗೆ ಮಾತಾಡುವುದೇ ಇಲ್ಲ. ತಿರುವಾಂಕೂರಿನ ಯುವರಾಜ ಮಾರ್ತಾಂಡ ವರ್ಮನ ವಿರುದ್ಧ ಎಟ್ಟುವೀಟಿಲ್ ಪಿಳ್ಳೆಗಳ (ಎಂಟು ಪ್ರಬಲ ನಾಯರ್ ಮನೆತನಗಳ ಮುಖ್ಯಸ್ಥರ) ಪಿತೂರಿ, ಸತ್ತನೆಂದು ಎಲ್ಲರೂ ನಂಬಿದ ಅನಂತಪದ್ಮನಾಭ ಹುಚ್ಚನ ವೇಷದಲ್ಲಿ ತಿರುಗುವುದು, ಅವನಿಗಾಗಿ ಕಾಯುವ ಪಾರುಕುಟ್ಟಿ: ಕಣ್ಣೀರು ತರಿಸುವುದೆಲ್ಲ ಇದೆ. ನನ್ನ ಮನಸ್ಸು ಮಾತ್ರ ಸುಭದ್ರೆಯ ಕಡೆಗೇ ಹೋಗುತ್ತದೆ. ಯುವರಾಜನನ್ನು ಉಳಿಸಲು ತನ್ನ ಮನೆಯವರನ್ನೇ ಎದುರು ಹಾಕಿಕೊಂಡವಳು. ಕಾದಂಬರಿಯಲ್ಲಿ ಸೋದರಮಾವನೇ ಅವಳನ್ನು ಕೊಲ್ಲುತ್ತಾನೆ. ಗದ್ದುಗೆ ಏರಿದವನ ಹೆಸರು ಪುಸ್ತಕಕ್ಕೆ ಬಂತು. ಕತೆ ಅವಳದು.

ಚಿತ್ರದಲ್ಲಿ ತಿರುವಾಂಕೂರು ಮಹಾರಾಜರ ಆರಾಟ್ (ದೇವರನ್ನು ಪವಿತ್ರ ಸ್ನಾನಕ್ಕೆ ಕರೆದೊಯ್ಯುವ) ಮೆರವಣಿಗೆಯ ನಿಜವಾದ ದೃಶ್ಯಗಳೂ ಇವೆ. ಆ ಕಾಲದ ಬೀದಿ, ಜನ ಕಣ್ಣಿಗೆ ಕಾಣುತ್ತಾರೆ. ಅದಕ್ಕಾದರೂ ನೋಡಬೇಕು.

“ನಮ್ಮಲ್ಲಿ ಏನು ಉಳಿದಿದೆ?” ಎಂದೂ ಕೇಳಿದ್ದೀರಿ. ಮೂಕಿ ‘ವಸಂತಸೇನಾ’ ಇಲ್ಲ. ಕನ್ನಡದ ಮೊದಲ ಟಾಕಿ, 1934ರ ‘ಸತಿ ಸುಲೋಚನಾ’ದ ಪ್ರತಿಯೂ ಇಲ್ಲ. ಅವುಗಳ ಹಾಡಿನ ಪುಸ್ತಕ, ಕರಪತ್ರ, ಫೋಟೊ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ನಮಗೆ ಬರೆಯಿರಿ.