ತೋಡಿನ ಬದಿಯ ಬಡಾವಣೆಯವರು ನೆರೆ ಎದುರಿಸಲು ತಾವೇ ತಂಡ ಕಟ್ಟಬಹುದೇ?

ಉಡುಪಿಯಲ್ಲಿ ಇಂದ್ರಾಣಿ ತೋಡಿನ (ಸಣ್ಣ ಹೊಳೆಯ) ಹತ್ತಿರ ಹೊಸದಾಗಿ ಮನೆ ಮಾಡಿದ್ದೀರಿ. ಅಕ್ಕಪಕ್ಕದವರೆಲ್ಲ ಸೇರಿ ನೆರೆಗೆ ಸಿದ್ಧರಾಗಬಹುದೇ, ಅದು ನಗರಸಭೆಯ ಕೆಲಸವಲ್ಲವೇ ಎಂದು ಕೇಳಿದ್ದೀರಿ. ನಾನು ಇದೇ ಊರಿನವಳು, ನಮ್ಮ ತಗ್ಗು ಭಾಗದಲ್ಲಿ ಇಂಥದೊಂದು ತಂಡದ ಜೊತೆ ಕೆಲಸ ಮಾಡುತ್ತಿದ್ದೇನೆ. ಖಂಡಿತ ಮಾಡಬಹುದು, ಮಾಡಲೇಬೇಕು. ಆದರೆ ಲೈಫ್ ಜಾಕೆಟ್, ಟಾರ್ಚ್, ಹಗ್ಗ ಕೊಳ್ಳುವುದರಿಂದ ಆರಂಭಿಸಬೇಡಿ. ನೀರು ಯಾವ ಗುರುತಿಗೆ ಬಂದರೆ ಯಾರು ಯಾರ ಮನೆಗೆ ಹೋಗಿ ಬಾಗಿಲು ತಟ್ಟಬೇಕು ಎಂಬುದನ್ನು ಏಪ್ರಿಲ್ ತಿಂಗಳಲ್ಲೇ, ಹಗಲು ಹೊತ್ತಿನಲ್ಲಿ, ಎಲ್ಲರೂ ಕುಳಿತು ತೀರ್ಮಾನಿಸಿ.

ಏಪ್ರಿಲ್ ಎಂದು ಒತ್ತಿ ಹೇಳಲು ಕಾರಣವಿದೆ. ಕರಾವಳಿಯಲ್ಲಿ ಮಳೆಯ ಅಬ್ಬರ ಹೆಚ್ಚಿರುವುದು ಜುಲೈನಲ್ಲಿ. ಆದರೆ ಮಂಗಳೂರು, ಉಡುಪಿ ಎರಡೂ ಊರುಗಳು ಮರೆಯದ ನೆರೆಗಳು ಬಂದದ್ದು ಮಳೆಗಾಲದ ಎರಡು ತುದಿಗಳಲ್ಲಿ. ಮಂಗಳೂರಿನ ಕೊಟ್ಟಾರ ಚೌಕಿ, ಕುದ್ರೋಳಿ, ಅಳಕೆ, ಜೆಪ್ಪಿನಮೊಗರು ಕಡೆಗಳಲ್ಲಿ ಮನೆಗಳಿಗೆ ನೀರು ನುಗ್ಗಿದ್ದು 2018ರ ಮೇ 29ರಂದು. ಮುಂಗಾರು ಕೇರಳಕ್ಕೆ ಕಾಲಿಟ್ಟಿತೆಂದು ಹವಾಮಾನ ಇಲಾಖೆ ಘೋಷಿಸಿದ ದಿನವೇ ಅದು. ಉಡುಪಿ ಮುಳುಗಿದ್ದು 2020ರ ಸೆಪ್ಟೆಂಬರ್ 20ರ ಭಾನುವಾರ, ಇನ್ನೇನು ಮಳೆ ಮುಗಿಯಿತು ಎಂದು ಜನ ನಿರಾಳರಾಗುತ್ತಿದ್ದ ಕಾಲದಲ್ಲಿ. 2025ರಲ್ಲಂತೂ ಮುಂಗಾರು ಮೇ 24ಕ್ಕೇ ಕೇರಳ ತಲುಪಿತ್ತು. ಜೂನ್ ಒಂದಕ್ಕೆ ಸಭೆ ಕರೆಯೋಣ ಎನ್ನುವವರ ಮುಂದೆ ಈ ಮೂರು ತಾರೀಕುಗಳನ್ನು ಇಡಿ.

ನಗರಸಭೆಯ ಕೆಲಸ ಹೌದೋ ಅಲ್ಲವೋ ಎಂದರೆ, ಹೌದು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರವಿದೆ, 1077ಕ್ಕೆ ಕರೆ ಮಾಡಿದರೆ ಜಿಲ್ಲಾ ನಿಯಂತ್ರಣ ಕೊಠಡಿ ಸಿಗುತ್ತದೆ. ಹೂಳು ತೆಗೆಯುವುದು, ಒತ್ತುವರಿ ಬಿಡಿಸುವುದು ನಗರಸಭೆ, ಜಿಲ್ಲಾಡಳಿತಗಳದೇ ಹೊಣೆ. ಅದನ್ನು ಕೇಳುವುದನ್ನು ನಾವು ಬಿಡಬಾರದು. ಆದರೆ ಮಧ್ಯರಾತ್ರಿ ಕಳೆದ ಮೇಲೆ ಅಂಗಳಕ್ಕೆ ನೀರು ಬಂದಾಗ ಮೊದಲ ಕೆಲವು ಗಂಟೆ ಅಲ್ಲಿರುವವರು ನೀವು ಮತ್ತು ನಿಮ್ಮ ನೆರೆಮನೆಯವರು ಮಾತ್ರ. 2020ರಲ್ಲಿ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ಬಂದಿತ್ತು, ನಿಜ. ಜನರನ್ನು ಹೊರತಂದ ದೋಣಿಗಳಲ್ಲಿ ನಮ್ಮ ಮೀನುಗಾರರ ದೋಣಿಗಳೂ ಇದ್ದವು ಎಂಬುದನ್ನು ನಾನು ಯಾವತ್ತೂ ಕೃತಜ್ಞತೆಯಿಂದ ನೆನೆಯುತ್ತೇನೆ.

ಈಗ ತಂಡದ ವಿಷಯ. ವಾರ್ಡಿನ ಗಡಿ ನೋಡಿ ತಂಡ ಕಟ್ಟಬೇಡಿ, ತೋಡಿನ ಹರಿವು ನೋಡಿ ಕಟ್ಟಿ. ಉಡುಪಿಯಲ್ಲಿ 35 ವಾರ್ಡುಗಳಿವೆ, ಮಂಗಳೂರಿನಲ್ಲಿ 60. ಇಂದ್ರಾಣಿ ಅದ್ಯಾವುದನ್ನೂ ಲೆಕ್ಕಿಸದೆ ಇಂದ್ರಾಳಿ ಕಡೆಯಿಂದ ಕಲ್ಸಂಕ, ಮಠದಬೆಟ್ಟು ದಾಟಿ ಕಲ್ಮಾಡಿಯತ್ತ ಹೋಗುತ್ತಾಳೆ. ಮೇಲಿನವರು ಎಸೆದ ಕಸ ಕೆಳಗಿನವರ ಸಂಕದ (ಕಿರುಸೇತುವೆಯ) ಅಡಿ ಸಿಕ್ಕಿಹಾಕಿಕೊಳ್ಳುತ್ತದೆ. ಕೆಳಗಿನ ಗದ್ದೆಗೆ ಯಾರೋ ಮಣ್ಣು ತುಂಬಿಸಿ ನಿವೇಶನ ಮಾಡಿದರೆ ಮೇಲಿನವರ ಅಂಗಳಕ್ಕೆ ನೀರು ಏರುತ್ತದೆ. ಬೇಸಗೆಯಲ್ಲಿ ಒಂದು ಬೆಳಿಗ್ಗೆ ಮೇಲಿನಿಂದ ಕೆಳಗಿನವರೆಗೆ ತೋಡಿನ ಉದ್ದಕ್ಕೂ ನಡೆದುಹೋಗಿ. ಎಲ್ಲಿ ಕಿರಿದಾಗಿದೆ, ಯಾವ ಮೋರಿ ಕಟ್ಟಿಕೊಂಡಿದೆ, ಯಾವ ಕಟ್ಟೆ ಜರಿದಿದೆ ಎಂದು ಫೋಟೊ ತೆಗೆದು, ಒಂದೇ ಅರ್ಜಿಯಾಗಿ ನಗರಸಭೆಗೆ ಕೊಡಿ. ನಡೆಯುವಾಗ ಆ ಭಾಗದ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ; ಹಿಂದೆ ಎಲ್ಲೆಲ್ಲಿ ಗದ್ದೆಯಿತ್ತು, ನೀರು ಯಾವ ದಾರಿಯಲ್ಲಿ ಬರುತ್ತಿತ್ತು ಎಂಬುದು ಅವರಿಗೆ ಗೊತ್ತಿರುತ್ತದೆ.

ಅದೇ ದಿನ ಸಂಕದ ಕಂಬಗಳಿಗೆ ಬಣ್ಣದ ಗುರುತು ಹಾಕಿಸಿ. ಹಳದಿ ಗುರುತು ಮುಟ್ಟಿದರೆ ವಾಹನಗಳನ್ನು ಎತ್ತರದ ರಸ್ತೆಗೆ ಒಯ್ಯುವುದು, ದಾಖಲೆಪತ್ರ ಮತ್ತು ಮಾತ್ರೆಗಳನ್ನು ಚೀಲಕ್ಕೆ ಹಾಕಿಕೊಳ್ಳುವುದು. ಕೆಂಪು ಮುಟ್ಟಿದರೆ ಮೇನ್ ಸ್ವಿಚ್ ಆರಿಸಿ ಹೊರಡುವುದು, ಚರ್ಚೆಗೆ ನಿಲ್ಲುವಂತಿಲ್ಲ. ಮೇಲಿನ ಸಂಕದ ಬಳಿ ಇರುವವರು ಕೆಳಗಿನವರಿಗೆ ಕರೆ ಮಾಡಬೇಕು. ಹವಾಮಾನ ಇಲಾಖೆಯ ಆರೆಂಜ್ ಅಲರ್ಟ್ ಎಂದರೆ ಸಾಮಾನ್ಯವಾಗಿ 24 ಗಂಟೆಗಳಲ್ಲಿ 115.6ರಿಂದ 204.4 ಮಿಲಿಮೀಟರ್ ಮಳೆಯ ನಿರೀಕ್ಷೆ, ರೆಡ್ ಎಂದರೆ ಅದಕ್ಕೂ ಹೆಚ್ಚು. ಆದರೆ ಅದು ಇಡೀ ಜಿಲ್ಲೆಗೆ ಹೇಳುವ ಮಾತು. ಕಾರ್ಕಳದ ಕಡೆ ಸುರಿದದ್ದು ಸ್ವರ್ಣಾ ನದಿಯಲ್ಲಿ ತಡವಾಗಿ ಇಳಿದು ಬರುತ್ತದೆ, ನಿಮ್ಮ ತಲೆಯ ಮೇಲೆ ಸುರಿದದ್ದು ತೋಡಿಗೆ ಆಗಲೇ ಸೇರುತ್ತದೆ. ಹಾಗಾಗಿ ಅಲರ್ಟ್ ಬಂದ ದಿನ ಎಚ್ಚರವಾಗಿರಿ, ಹೊರಡುವ ತೀರ್ಮಾನವನ್ನು ಮಾತ್ರ ಕಂಬದ ಗುರುತು ನೋಡಿ ಮಾಡಿ.

ಕಡಲಿನ ಉಬ್ಬರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉಬ್ಬರದ ಹೊತ್ತಿನಲ್ಲಿ ಹೊಳೆಯ ನೀರು ಸಮುದ್ರಕ್ಕೆ ಇಳಿಯದೆ ಹಿಂದಕ್ಕೆ ಒತ್ತುತ್ತದೆ, ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸು ಇನ್ನಷ್ಟು. ದಿನಕ್ಕೆ ಎರಡು ಸಲ ಬರುವ ಉಬ್ಬರ ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಮಲ್ಪೆ ಕಡೆಯ ಮೀನುಗಾರ ಕುಟುಂಬದವರೊಬ್ಬರು ನಿಮ್ಮ ತಂಡದಲ್ಲಿದ್ದರೆ ಈ ಲೆಕ್ಕವೂ ಸಿಗುತ್ತದೆ, ದೋಣಿಯ ಸಂಪರ್ಕವೂ ಸಿಗುತ್ತದೆ.

ನನ್ನ ಪ್ರಕಾರ ಇಡೀ ಕೆಲಸದ ಜೀವ ಇರುವುದು ಮನೆಮನೆಯ ಪಟ್ಟಿಯಲ್ಲಿ. ಹಾಸಿಗೆ ಹಿಡಿದವರು, ಡಯಾಲಿಸಿಸ್‌ಗೆ ಹೋಗುವವರು, ಬಸುರಿಯರು, ಬಾಣಂತಿಯರು, ಮಕ್ಕಳೆಲ್ಲ ಮುಂಬಯಿಯಲ್ಲೋ ದುಬೈಯಲ್ಲೋ ಇದ್ದು ದೊಡ್ಡ ಮನೆಯಲ್ಲಿ ಒಂಟಿಯಾಗಿರುವ ಅಜ್ಜಿಯರು. ಒಬ್ಬೊಬ್ಬರ ಹೆಸರಿನ ಮುಂದೆಯೂ ಅವರನ್ನು ಕರೆತರಬೇಕಾದ ಇಬ್ಬರ ಹೆಸರು ಇರಬೇಕು, ಒಬ್ಬರು ಊರಲ್ಲಿಲ್ಲದಿದ್ದರೆ ಇನ್ನೊಬ್ಬರು. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರನ್ನು ಬಿಟ್ಟು ಈ ಪಟ್ಟಿ ಮಾಡಲು ಹೋಗಬೇಡಿ, ಪ್ರತಿ ಮನೆಯ ಒಳಗಿನ ಸ್ಥಿತಿ ಬಲ್ಲವರು ಅವರು. ಇನ್ನೊಂದು ವಿಷಯದಲ್ಲಿ ನನಗೆ ತುಂಬಾ ಸಂಕಟವಾಗುತ್ತದೆ: ಬಾಗಲಕೋಟೆ, ಗದಗ, ಕೊಪ್ಪಳದಿಂದ ಕೂಲಿಗೆ ಬಂದು ತೋಡಿನ ಅಂಚಿನ ಬಾಡಿಗೆ ಕೋಣೆಗಳಲ್ಲೂ ಶೆಡ್ಡುಗಳಲ್ಲೂ ಇರುವವರು ಬಡಾವಣೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಇರುವುದೇ ಇಲ್ಲ. ನೀರು ಮೊದಲು ಹೋಗುವುದು ಅವರಲ್ಲಿಗೆ. ಅವರ ಹೆಸರು ಪಟ್ಟಿಯ ಮೊದಲಿಗೇ ಬರಲಿ, ಅವರಲ್ಲೊಬ್ಬರು ತಂಡದಲ್ಲಿರಲಿ.

ಪಟ್ಟಿಯನ್ನು ಕಾಗದದಲ್ಲಿ ಮುದ್ರಿಸಿ ಇಟ್ಟುಕೊಳ್ಳಿ. ಗಾಳಿಮಳೆಗೆ ಕರೆಂಟು ಹೋಗುತ್ತದೆ, ಟವರ್ ಸತ್ತರೆ ಮೊಬೈಲ್ ಉಪಯೋಗಕ್ಕೆ ಬಾರದು. ಆಗ ನೆರವಿಗೆ ಬರುವುದು ಭಜನಾ ಮಂದಿರದ, ಮಸೀದಿಯ ಬ್ಯಾಟರಿ ಮೈಕು, ಚರ್ಚಿನ ಗಂಟೆ. ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕರಲ್ಲೂ ಏನು ಕೂಗಬೇಕೆಂದು ಮೊದಲೇ ಬರೆದಿಡಿ. ಎಲ್ಲಿಗೆ ಹೋಗುವುದು ಎಂಬುದೂ ಮುಖ್ಯ. ಎತ್ತರದ ಶಾಲೆಯ ಬೀಗದ ಕೈ ರಾತ್ರಿ ಯಾರ ಬಳಿ ಇರುತ್ತದೆ ಎಂದು ಕೇಳಿ ತಿಳಿದುಕೊಳ್ಳಿ.

ನೀರು ಇಳಿದ ಮೇಲಿನ ಕೆಲಸ ಚಿಕ್ಕದಲ್ಲ. ಬಾವಿಗೆ ಕ್ಲೋರಿನ್ ಹಾಕಿಸುವವರೆಗೆ ಆ ನೀರು ಕುಡಿಯಬೇಡಿ, ಹಾಕಿಸಿದ ಮೇಲೂ ಕುದಿಸಿಯೇ ಕುಡಿಯಿರಿ. ಕಾಲಿನಲ್ಲಿ ಗಾಯವಿದ್ದವರು ಕೆಸರಿಗಿಳಿಯದಿರಲಿ, ಇಲಿ ಜ್ವರ ನಮ್ಮಲ್ಲಿ ಸಾಮಾನ್ಯ. ಕಪಾಟಿನ ಹಿಂದೆ ಹಾವು ಇರಬಹುದು. ತೊಳೆಯುವ ಮೊದಲು ಹಾನಿಯ ಫೋಟೊ ತೆಗೆದಿಡಿ, ಪರಿಹಾರದ ಅರ್ಜಿಗೆ ಅದು ಬೇಕು.

ಜನ ಸೇರುತ್ತಾರೆಯೇ ಎಂಬ ಅನುಮಾನ ಬೇಡ. ಯುವಕ ಮಂಡಲ, ಮಹಿಳಾ ಮಂಡಲ, ಸ್ವಸಹಾಯ ಸಂಘ ಇಲ್ಲದ ಕೇರಿ ನಮ್ಮಲ್ಲಿ ಅಪರೂಪ. ಹೊಸ ಸಂಘ ಕಟ್ಟದೆ ಅವುಗಳ ಮೂಲಕವೇ ಹೋಗಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಆಪದ ಮಿತ್ರ' ಯೋಜನೆಯಲ್ಲಿ ಸ್ವಯಂಸೇವಕರಿಗೆ ತರಬೇತಿ ಕೊಡುತ್ತಾರೆ, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ 'ಶೌರ್ಯ' ವಿಪತ್ತು ನಿರ್ವಹಣಾ ಘಟಕಗಳೂ ಇವೆ. ನಿಮ್ಮ ಪಟ್ಟಿ, ತೋಡಿನ ನಕ್ಷೆ ಸಿದ್ಧವಾದ ಮೇಲೆ ಒಂದೊಂದು ಪ್ರತಿಯನ್ನು ತಾಲೂಕು ಕಚೇರಿಗೂ ಅಗ್ನಿಶಾಮಕ ಠಾಣೆಗೂ ಕೊಟ್ಟು, ಅಗ್ನಿಶಾಮಕದವರನ್ನೇ ಕರೆಸಿ ಒಂದು ಅಣಕು ಕಾರ್ಯಾಚರಣೆ ಮಾಡಿಸಿಕೊಳ್ಳಿ.