ಕಾಲೇಜು ಆಫೀಸಿನ ಕಿಟಕಿ: ಕ್ರೈಸ್ತ ಕಾಲೇಜು ಸೇರುವವರ ಪ್ರಶ್ನೆಗಳು

ದ್ವಿತೀಯ ಪಿಯುಸಿ ಫಲಿತಾಂಶ ಬಂತೆಂದರೆ ಈ ಅಂಕಣಕ್ಕೆ ಪತ್ರಗಳ ಸುಗ್ಗಿ. ಈ ಸಲ ಕ್ರೈಸ್ತ ಆಡಳಿತದ ಕಾಲೇಜುಗಳ ಬಗ್ಗೆಯೇ ಜಾಸ್ತಿ ಕೇಳಿದ್ದಾರೆ. ನಾನು ಅಂಥದ್ದೇ ಒಂದು ಅನುದಾನಿತ ಕಾಲೇಜಿನ ಆಫೀಸಿಗೆ ಗುಮಾಸ್ತನಾಗಿ ಸೇರಿ, ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು. ಕ್ರೈಸ್ತನಲ್ಲ. ಶುಲ್ಕ, ಸ್ಕಾಲರ್‌ಶಿಪ್, ಹಾಸ್ಟೆಲ್, ಟಿಸಿ ಎಲ್ಲದರ ಕಾಗದವೂ ನನ್ನ ಮೇಜು ದಾಟಿಯೇ ಹೋಗಬೇಕಿತ್ತು. ಉತ್ತರಗಳಲ್ಲಿ ಸ್ವಲ್ಪ ಫೈಲಿನ ವಾಸನೆ ಬಂದರೆ ಸಹಿಸಿಕೊಳ್ಳಿ.

ಮಗಳಿಗೆ ಮಂಗಳೂರಿನ ಒಂದು ಕ್ರೈಸ್ತ ಕಾಲೇಜಿನಲ್ಲಿ ಬಿಎಸ್‌ಸಿ ಸೀಟು ಸಿಕ್ಕಿದೆ. ಸೌಲಭ್ಯ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ದಿನಾ ಪ್ರಾರ್ಥನೆಗೆ ಹೋಗಬೇಕಾ, ಬೈಬಲ್ ಪಾಠ ಕಡ್ಡಾಯವಾ ಅಂತ ನಮ್ಮ ಅವ್ವನಿಗೆ ಚಿಂತೆ. ಕಾಲೇಜು ನೋಡಲು ಹೋದಾಗ ಏನೇನು ಕೇಳಬೇಕು?
ಒಬ್ಬ ತಂದೆ, ಹಾವೇರಿ ಜಿಲ್ಲೆ

ಕಡ್ಡಾಯ ಇಲ್ಲ ಅಂತ ಅವ್ವನಿಗೆ ಮೊದಲು ಹೇಳಿಬಿಡಿ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಕಾಲೇಜು ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಅದೇ ಸಂವಿಧಾನದ 28(3)ನೇ ವಿಧಿ ಅಲ್ಲಿ ಓದುವವರಿಗೂ ಒಂದು ಹಕ್ಕು ಕೊಟ್ಟಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆ ಯಾರನ್ನೂ ಅವರ ಒಪ್ಪಿಗೆ ಇಲ್ಲದೆ ಧರ್ಮಬೋಧನೆಗೋ ಆರಾಧನೆಗೋ ಕೂರಿಸುವಂತಿಲ್ಲ. ಹದಿನೆಂಟು ತುಂಬದವರಾದರೆ ಪೋಷಕರ ಒಪ್ಪಿಗೆ ಬೇಕು.

ನಿತ್ಯದಲ್ಲಿ ಹೇಗಿರುತ್ತದೆ ಅಂದರೆ, ನಮ್ಮಲ್ಲಿ ಬೆಳಗ್ಗೆ ಮೈಕಿನಲ್ಲಿ ಒಂದು ಸಣ್ಣ ಪ್ರಾರ್ಥನೆ ಇತ್ತು. ವಾರಕ್ಕೊಂದು ಪೀರಿಯಡ್ ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶ, ಉಳಿದವರಿಗೆ ಮೌಲ್ಯ ಶಿಕ್ಷಣ. ಪ್ರಾಮಾಣಿಕತೆ, ಮೊಬೈಲ್ ಚಟ, ಹಿರಿಯರ ಜತೆ ಹೇಗೆ ಮಾತಾಡಬೇಕು, ಇಂಥವು. ಬೋರ್ ಹೊಡೆಸುತ್ತಾರೆ ಅಂತ ಮಕ್ಕಳು ನನ್ನ ಕಿಟಕಿಯ ಹತ್ತಿರ ಗೊಣಗಿದ್ದು ಕೇಳಿದ್ದೇನೆ. ಮತ ಬದಲಿಸಲು ಹೇಳಿದರು ಅಂತ ಯಾರೂ ದೂರು ತಂದಿರಲಿಲ್ಲ.

ಮಂಗಳೂರು ಅಂದಿರಲ್ಲ, ಮಗಳನ್ನು ಬಿಡಲು ಹೋಗುವಾಗ ಅವ್ವನನ್ನೂ ಕರೆದುಕೊಂಡು ಹೋಗಿ. ಬಾವುಟಗುಡ್ಡೆಯ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ತೋರಿಸಿ. ಆ ಕಾಲೇಜು 1880ರದ್ದು. ಚಾಪೆಲ್‌ನ ಗೋಡೆ, ಚಾವಣಿ ತುಂಬ ಚಿತ್ರ. ಇಟಲಿಯಿಂದ ಬಂದ ಅಂಟೋನಿಯೊ ಮೊಸ್ಕೇನಿ ಎಂಬ ಜೆಸ್ವಿಟ್ ಬ್ರದರ್ 1899ರಿಂದ ಬರೆದವು. ಎಲ್ಲ ಧರ್ಮದವರೂ ಪ್ರವಾಸಿಗಳಾಗಿ ಬಂದು ಕತ್ತೆತ್ತಿ ನೋಡಿ ಹೋಗುತ್ತಾರೆ. ಒಮ್ಮೆ ನೋಡಿದರೆ ಅವ್ವನ ಭಯ ಅರ್ಧ ಇಳಿಯುತ್ತದೆ.

ಇನ್ನು ಏನು ಕೇಳಬೇಕು ಅನ್ನುವುದು. ಪ್ರವೇಶದ ದಿನ ನಿಮಗೆ ಆಡಿಟೋರಿಯಂ, ಜಿಮ್, ಹೊಸ ಲ್ಯಾಬ್ ಎಲ್ಲ ತೋರಿಸುತ್ತಾರೆ. ನೋಡಿ, ಸಂತೋಷಪಡಿ. ಆಮೇಲೆ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕಿ: ಇದು ಎಷ್ಟು ಗಂಟೆಗೆ ತೆರೆಯುತ್ತದೆ, ಎಷ್ಟಕ್ಕೆ ಮುಚ್ಚುತ್ತದೆ? ಪರೀಕ್ಷೆಯ ವಾರ ಲೈಬ್ರರಿ ಎಷ್ಟರವರೆಗೆ ಇರುತ್ತದೆ? ಕೌನ್ಸೆಲರ್ ವಾರಕ್ಕೆ ಎಷ್ಟು ದಿನ ಬರುತ್ತಾರೆ? ರಾತ್ರಿ ಜ್ವರ ಬಂದರೆ ಹಾಸ್ಟೆಲಿನಿಂದ ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ, ಯಾವ ಗಾಡಿಯಲ್ಲಿ? ಭಾನುವಾರ ಮೆಸ್ ಉಂಟಾ? ಥಟ್ಟನೆ ಉತ್ತರ ಬಂದರೆ ಆ ಸೌಲಭ್ಯ ನಿಜಕ್ಕೂ ನಡೆಯುತ್ತಿದೆ ಅಂತ ಲೆಕ್ಕ. ‘ಕೇಳಿ ಹೇಳ್ತೀವಿ’ ಅಂದರೆ ಅದು ಪ್ರಾಸ್ಪೆಕ್ಟಸ್‌ನ ಫೋಟೊದಲ್ಲಿ ಮಾತ್ರ ಇದೆ ಅಂತ ಅನುಮಾನಪಡಬಹುದು.

ಈ ವಿಷಯದಲ್ಲಿ ಕ್ರೈಸ್ತ ಕಾಲೇಜುಗಳಲ್ಲಿ ಒಂದು ಅನುಕೂಲ ಇದೆ. ಎಷ್ಟೋ ಕಡೆ ಫಾದರುಗಳು, ಸಿಸ್ಟರುಗಳು ಕ್ಯಾಂಪಸ್ಸಿನೊಳಗೇ ವಾಸ ಇರುತ್ತಾರೆ. ಐದು ಗಂಟೆಗೆ ನಾವು ಆಫೀಸಿಗೆ ಬೀಗ ಹಾಕಿ ಹೊರಟ ಮೇಲೂ ಬಾಗಿಲು ತಟ್ಟಿದರೆ ಯಾರಾದರೂ ಇರುತ್ತಾರೆ. ಅಪ್ಪ ಕುಡಿದು ಬಂದು ಗಲಾಟೆ ಮಾಡಿದ್ದು, ಅಣ್ಣನಿಗೆ ಬೈಕ್ ಅಪಘಾತ ಆದದ್ದು, ಇಂಥ ಸುದ್ದಿ ಹೊತ್ತು ಫಾದರ್ ರೂಮಿಗೆ ಹೋಗುವ ಮಕ್ಕಳಲ್ಲಿ ಎಲ್ಲ ಧರ್ಮದವರೂ ಇರುತ್ತಿದ್ದರು. ಯಾವ ಪ್ರಾಸ್ಪೆಕ್ಟಸ್‌ನಲ್ಲೂ ಇದನ್ನು ಸೌಲಭ್ಯ ಅಂತ ಬರೆದದ್ದು ನಾನು ನೋಡಿಲ್ಲ.

ಒಂದು ಕೊನೆಯ ಸಲಹೆ. ಕಾಲೇಜಿನ ವೆಬ್‌ಸೈಟಿನಲ್ಲಿ ನ್ಯಾಕ್‌ಗೆ ಕೊಟ್ಟ ಸ್ವಯಂ ಅಧ್ಯಯನ ವರದಿ ಹುಡುಕಿ. ನ್ಯಾಕ್ ಅಂದರೆ 1994ರಲ್ಲಿ ಶುರುವಾದ, ನಮ್ಮ ಬೆಂಗಳೂರಿನಲ್ಲೇ ಇರುವ ಮೌಲ್ಯಮಾಪನ ಮಂಡಳಿ. ವರದಿಯ ನಾಲ್ಕನೇ ಭಾಗ ಕಟ್ಟಡ, ಲೈಬ್ರರಿ, ಕಂಪ್ಯೂಟರ್‌ಗೆ ಸಂಬಂಧಿಸಿದ್ದು. ಐದನೆಯದು ವಿದ್ಯಾರ್ಥಿಗಳಿಗೆ ಕೊಟ್ಟ ನೆರವು. ಎಷ್ಟು ಜನಕ್ಕೆ ಸ್ಕಾಲರ್‌ಶಿಪ್ ಸಿಕ್ಕಿತು ಅನ್ನುವುದನ್ನು ಅಲ್ಲಿ ಅಂಕಿಯಲ್ಲೇ ಬರೆಯಬೇಕು. ಅಂಥ ವರದಿಗಳ ಕೋಷ್ಟಕ ತುಂಬಿ ತುಂಬಿ ನನ್ನ ಕಣ್ಣು ಹಾಳಾಗಿದೆ, ನೀವಾದರೂ ಓದಿ.

ನಾನು ಬಿಕಾಂ ಎರಡನೇ ವರ್ಷ. ಅಪ್ಪ ಗಾರೆ ಕೆಲಸ. ಹಿಂದುಳಿದ ವರ್ಗದವನು. ನಮ್ಮ ಕಾಲೇಜಿನ ಸ್ಕಾಲರ್‌ಶಿಪ್ ಎಲ್ಲ ಕ್ರೈಸ್ತರಿಗೆ ಮಾತ್ರ ಅಂತ ಸ್ನೇಹಿತರು ಹೇಳುತ್ತಾರೆ. ಎರಡನೇ ಕಂತು ಕಟ್ಟಲು ಆಗುತ್ತಿಲ್ಲ.
ವಿದ್ಯಾರ್ಥಿ, ಶಿವಮೊಗ್ಗ

ತಮ್ಮಾ, ಸ್ನೇಹಿತರ ಮಾತು ಬಿಡು, ಆಫೀಸಿಗೆ ಹೋಗು. ಸರ್ಕಾರದ ವಿದ್ಯಾರ್ಥಿವೇತನ ನಿನ್ನ ಜಾತಿ, ಆದಾಯ, ಅಂಕ ನೋಡಿ ಬರುತ್ತದೆ. ಕಾಲೇಜು ಯಾವ ಧರ್ಮದವರದ್ದು ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ರಾಜ್ಯದ ವಿದ್ಯಾರ್ಥಿವೇತನದ ವೆಬ್‌ಸೈಟ್ ಆದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹಿಂದುಳಿದ ವರ್ಗಗಳ ಇಲಾಖೆಯ ಶುಲ್ಕ ವಿನಾಯಿತಿ ಇದೆ. ಸರ್ಕಾರಿ ಹಾಸ್ಟೆಲ್ ಸಿಗದವರ ಊಟ, ವಸತಿಗೆ ವಿದ್ಯಾಸಿರಿ ಇದೆ. ಅರ್ಹತೆ ಇದ್ದವರು ಕೇಂದ್ರದ ಎನ್‌ಎಸ್‌ಪಿ ಪೋರ್ಟಲನ್ನೂ ನೋಡಬೇಕು.

ಅರ್ಜಿ ಹಾಕಿದೆ, ದುಡ್ಡು ಬರಲಿಲ್ಲ ಅಂತ ನನ್ನ ಕಿಟಕಿಗೆ ಬಂದವರಲ್ಲಿ ಬಹಳ ಜನರ ಕಥೆ ಒಂದೇ. ಆಧಾರಿನಲ್ಲಿ ‘ಮಂಜುನಾಥ’, ಅಂಕಪಟ್ಟಿಯಲ್ಲಿ ‘ಮಂಜುನಾಥ ಹೆಚ್’. ಅಷ್ಟು ಸಾಕು, ಕಂಪ್ಯೂಟರ್ ಪಕ್ಕಕ್ಕೆ ತಳ್ಳುತ್ತದೆ. ಇನ್ನೊಂದು, ಬ್ಯಾಂಕ್ ಖಾತೆ ಇರುತ್ತದೆ, ಆಧಾರ್ ಜೋಡಣೆ ಆಗಿರುವುದಿಲ್ಲ. ಅಥವಾ ಅಮ್ಮನ ಒತ್ತಾಯಕ್ಕೆ ತೆರೆದ ಹಳೇ ಖಾತೆಗೆ ಜೋಡಣೆ ಆಗಿ, ದುಡ್ಡು ಅಲ್ಲಿಗೆ ಹೋಗಿ ಕೂತಿರುತ್ತದೆ! ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ತಪ್ಪು ಹೊಡೆದವರೂ ಇದ್ದಾರೆ. ಇವನ್ನೆಲ್ಲ ಸರಿಪಡಿಸಲು ನಾಡಕಚೇರಿ, ಬ್ಯಾಂಕು ಅಂತ ಓಡಾಡಬೇಕು. ಹಾಗಾಗಿ ಅರ್ಜಿಯ ಕೊನೇ ದಿನಕ್ಕೆ ಕಾಯಬೇಡ. ನೀನು ಅರ್ಜಿ ಒತ್ತಿದ ಮೇಲೂ ಕಾಲೇಜಿನವರು ಪರಿಶೀಲಿಸಿ ಮುಂದೆ ಕಳಿಸಬೇಕು. ‘ಸರ್, ನನ್ನದು ಯಾವ ಹಂತದಲ್ಲಿದೆ’ ಅಂತ ವಾರಕ್ಕೊಮ್ಮೆ ಗುಮಾಸ್ತರನ್ನು ಕೇಳು. ಸಿಡುಕುತ್ತಾರೆ. ಸಿಡುಕಲಿ ಬಿಡು, ನಾನೂ ಸಿಡುಕುತ್ತಿದ್ದೆ, ಆದರೆ ಕೇಳಿದವರ ಫೈಲು ಮೇಲೆ ಬರುತ್ತಿತ್ತು.

ಇನ್ನು ಕಾಲೇಜಿನದೇ ಹಣ. ಕೆಲವು ದತ್ತಿನಿಧಿಗಳನ್ನು ದಾನಿಗಳು ಇಂಥ ಸಮುದಾಯದ ಮಕ್ಕಳಿಗೇ ಅಂತ ಬರೆದು ಕೊಟ್ಟಿರುತ್ತಾರೆ, ಅದು ನಿಜ. ಆದರೆ ಹಳೆಯ ವಿದ್ಯಾರ್ಥಿಗಳ ಸಂಘದ ನಿಧಿ, ಆಡಳಿತದವರ ಶುಲ್ಕ ರಿಯಾಯಿತಿ ಇವಕ್ಕೆ ನಮ್ಮಲ್ಲಿ ಜಾತಿ, ಧರ್ಮದ ಕಾಲಂ ಇರಲಿಲ್ಲ. ಪ್ರಿನ್ಸಿಪಾಲರಿಗೆ ಒಂದೇ ಪುಟದ ಅರ್ಜಿ ಬರೆ. ಅಪ್ಪನ ಕೆಲಸ, ಮನೆಯಲ್ಲಿ ಎಷ್ಟು ಜನ ಓದುತ್ತಿದ್ದೀರಿ, ಎಷ್ಟು ಬಾಕಿ, ಎಷ್ಟು ಕಂತು ಬೇಕು. ‘ಕಡುಬಡವನಾದ ನಾನು ತಮ್ಮ ಪಾದಕ್ಕೆರಗಿ’ ಅಂತೆಲ್ಲ ಬೇಡ. ಮೇಷ್ಟ್ರೊಬ್ಬರ ಶಿಫಾರಸು ಸಹಿ ಇದ್ದರೆ ಒಳ್ಳೆಯದು.

ಬುಕ್ ಬ್ಯಾಂಕ್ ಇದೆಯಾ ಕೇಳು, ಸೆಮಿಸ್ಟರ್ ಪೂರ್ತಿ ಪಠ್ಯಪುಸ್ತಕ ಇಟ್ಟುಕೊಳ್ಳಬಹುದು. ಮಧ್ಯಾಹ್ನದ ಊಟ ಕೊಡುವ ಕಾಲೇಜುಗಳೂ ಇವೆ. ನಾಚಿಕೆಗೆ ಬಿದ್ದು ಹಸಿದುಕೊಂಡೇ ಕ್ಲಾಸಿಗೆ ಕೂರುವ ಹುಡುಗರನ್ನು ನೋಡಿ ಬೇಜಾರಾಗುತ್ತಿತ್ತು. ನಮ್ಮ ಸಿಸ್ಟರೊಬ್ಬರು ಒಂದು ಉಪಾಯ ಮಾಡಿದರು. ಕ್ಯಾಂಟೀನಿನ ಮಾಮೂಲಿ ಟೋಕನ್ನನ್ನೇ ಕೊಡತೊಡಗಿದರು. ಯಾರು ದುಡ್ಡು ಕೊಟ್ಟವರು, ಯಾರು ಕೊಡದವರು ಅಂತ ಬಡಿಸುವವರಿಗೂ ಗೊತ್ತಾಗುತ್ತಿರಲಿಲ್ಲ. ನಿಮ್ಮ ಕಾಲೇಜಿನಲ್ಲಿ ಅಂಥದ್ದಿದ್ದರೆ ಬಿಡಬೇಡ.

ಲೈಬ್ರರಿ ರಾತ್ರಿ ಎಂಟರವರೆಗೆ ತೆರೆದಿರುತ್ತದೆ. ನಮ್ಮ ಹುಡುಗಿಯರ ಹಾಸ್ಟೆಲ್ ಗೇಟು ಆರೂವರೆಗೆ ಬಂದ್. ಹುಡುಗರ ಹಾಸ್ಟೆಲಿಗೆ ಒಂಬತ್ತು. ವಾರ್ಡನ್ ಸಿಸ್ಟರ್‌ಗೆ ಕೇಳಿದರೆ ‘ನಿಮ್ಮ ಸುರಕ್ಷತೆಗೇ’ ಅನ್ನುತ್ತಾರೆ.
ಬಿಎ ವಿದ್ಯಾರ್ಥಿನಿ

ಮಗಳೇ, ನಿನ್ನ ಕೈಯಲ್ಲಿ ಒಂದು ಗಟ್ಟಿ ಕಾಗದ ಇದೆ, ಗೊತ್ತಾ? ಲೈಂಗಿಕ ಕಿರುಕುಳ ತಡೆಗೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2015ರಲ್ಲಿ ನಿಯಮ ತಂದಿತು. ಪ್ರತಿ ಕಾಲೇಜಿನಲ್ಲೂ ಆಂತರಿಕ ದೂರು ಸಮಿತಿ ಇರಬೇಕು ಅನ್ನುವ ನಿಯಮವೇ ಅದು. ಸುರಕ್ಷತೆಯ ನೆಪ ಹೇಳಿ ಹಾಸ್ಟೆಲ್‌ಗಳಲ್ಲಿ ಹುಡುಗಿಯರಿಗೆ ಹುಡುಗರಿಗಿಂತ ಬೇರೆ, ತಾರತಮ್ಯದ ನಿಯಮ ಹಾಕಬಾರದು ಅಂತಲೂ ಅದರಲ್ಲಿದೆ.

ಸಿಸ್ಟರ್ ಮೇಲೆ ಕೋಪ ಬೇಡ. ಏಳು ಗಂಟೆಗೆ ಮಗಳು ರೂಮಿನಲ್ಲಿಲ್ಲ ಅಂದರೆ ಅಪ್ಪಂದಿರು ಫೋನಿನಲ್ಲಿ ಎಗರಾಡುವುದು ಅವರ ಮೇಲೆ. ಆದರೂ ಈ ಲೆಕ್ಕ ಸರಿಯಿಲ್ಲ. ಹುಡುಗಿಯರ ಶುಲ್ಕದಲ್ಲೂ ಲೈಬ್ರರಿ ಫೀ ಇರುತ್ತದೆ, ಕೊನೆಯ ಒಂದೂವರೆ ಗಂಟೆ ಮಾತ್ರ ಹುಡುಗರ ಪಾಲು. ಇದು ನಮ್ಮ ಕಾಲೇಜಿನಲ್ಲೂ ಇತ್ತು. ಹುಡುಗಿಯರು ಜಗಳಕ್ಕೆ ಹೋಗದೆ ಲಿಖಿತ ಪ್ರಸ್ತಾವ ಕೊಟ್ಟರು. ಲೈಬ್ರರಿಯಿಂದ ಹೊರಡುವಾಗ ರಿಜಿಸ್ಟರಿನಲ್ಲಿ ಸಮಯ ಬರೆದು ಸಹಿ, ಗುಂಪಾಗಿ ವಾಪಸ್, ದಾರಿಯ ಎರಡು ಕಂಬಕ್ಕೆ ಲೈಟು. ಲೈಟಿನ ಬಿಲ್ಲು ನಾನೇ ಪಾಸು ಮಾಡಿದೆ, ದೊಡ್ಡ ಮೊತ್ತವೇನಲ್ಲ. ಮೊದಲು ಪರೀಕ್ಷೆಯ ತಿಂಗಳಿಗೆ ಮಾತ್ರ ಅಂದರು, ಆಮೇಲೆ ಅದೇ ರೂಢಿ ಆಯಿತು.

ಲಿಖಿತವಾಗಿ ಕೊಟ್ಟರೂ ಮಾತು ನಡೆಯದಿದ್ದರೆ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ಹೋಗು. ಯುಜಿಸಿಯ 2023ರ ನಿಯಮದ ಪ್ರಕಾರ ದೂರು ತಲುಪಿದ 15 ಕೆಲಸದ ದಿನಗಳಲ್ಲಿ ಅವರು ವರದಿ ಕೊಡಬೇಕು. ಅದೂ ಒಪ್ಪಿಗೆ ಆಗದಿದ್ದರೆ 15 ದಿನದೊಳಗೆ ವಿದ್ಯಾರ್ಥಿಗಳ ಮೇಲ್ಮನವಿ ಕೇಳುವ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್ ಹತ್ತಿರ ಹೋಗಬಹುದು. ಅಲ್ಲಿವರೆಗೆ ಹೋಗುವ ಪ್ರಮೇಯ ಬರಲಿಕ್ಕಿಲ್ಲ.

ನನ್ನ ತಮ್ಮನಿಗೆ ದೃಷ್ಟಿ ತೀರಾ ಕಡಿಮೆ. ಲೈಬ್ರರಿ ಅವನಿಗೆ ಉಪಯೋಗ ಆಗುತ್ತದಾ?
ಅಕ್ಕ, ತುಮಕೂರು

ಆಗಬೇಕು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಪ್ರಕಾರ, ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇ. 5 ಸೀಟು ಮೀಸಲು. ಪರೀಕ್ಷೆಯಲ್ಲಿ ಬರೆಯುವ ಸಹಾಯಕರನ್ನು ಕೇಳಬಹುದು, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವೂ ಉಂಟು. ಇದನ್ನು ಪರೀಕ್ಷೆಯ ಹಿಂದಿನ ದಿನ ಕೇಳಿದರೆ ನಮ್ಮಂಥ ಆಫೀಸಿನವರು ತಬ್ಬಿಬ್ಬಾಗುತ್ತೇವೆ. ಸೇರುವಾಗಲೇ ಪ್ರಮಾಣಪತ್ರದ ನಕಲು ಕೊಟ್ಟುಬಿಡಿ.

ಲೈಬ್ರರಿಯ ಒಂದು ಕಂಪ್ಯೂಟರಿಗೆ ಎನ್‌ವಿಡಿಎ ಹಾಕಲು ಕೇಳಿ. ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ, ಉಚಿತ. ಖರ್ಚಿಲ್ಲದ ಬೇಡಿಕೆಗೆ ಇಲ್ಲ ಅನ್ನುವುದು ಕಷ್ಟ. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಲೈಬ್ರರಿಯಲ್ಲಿ ಅವನಂಥ ಓದುಗರಿಗೇ ಸಿದ್ಧಪಡಿಸಿದ ಪುಸ್ತಕಗಳಿವೆ. ಕಾಲೇಜುಗಳಿಗೆ ಇ-ಪುಸ್ತಕ ಒದಗಿಸುವ ಎನ್-ಲಿಸ್ಟ್ ಯೋಜನೆಗೆ ನಿಮ್ಮ ಕಾಲೇಜು ಸದಸ್ಯ ಆಗಿದ್ದರೆ ಲೈಬ್ರರಿಯನ್ ಹತ್ತಿರ ಲಾಗಿನ್ ಪಡೆದು ಇ-ಪುಸ್ತಕ, ಜರ್ನಲ್‌ಗಳನ್ನು ಮನೆಯಿಂದಲೇ ತೆರೆಯಬಹುದು. ಇದು ಎಲ್ಲ ವಿದ್ಯಾರ್ಥಿಗಳಿಗೂ ಅನ್ವಯ.

ಕಾಲೇಜಿನ ಕೌನ್ಸೆಲರ್ ಹತ್ತಿರ ಹೇಳಿದ್ದು ಮನೆಗೆ, ಪ್ರಿನ್ಸಿಪಾಲರಿಗೆ ಗೊತ್ತಾಗುತ್ತದಾ?
ಹೆಸರು ಬೇಡ

ಗುಟ್ಟು ಕಾಯುವುದು ಆ ವೃತ್ತಿಯ ಧರ್ಮ. ಜೀವಕ್ಕೆ ಅಪಾಯ ಇದೆ ಅನ್ನಿಸಿದಾಗ ಮಾತ್ರ ಬೇರೆಯವರಿಗೆ ತಿಳಿಸುತ್ತಾರೆ. ಮೊದಲ ಭೇಟಿಯಲ್ಲೇ ‘ಇದು ಯಾರಿಗೆ ಹೋಗುತ್ತದೆ’ ಅಂತ ಕೇಳು, ಕೇಳಿದರೆ ಬೇಸರಪಡುವುದಿಲ್ಲ. ಕ್ಯಾಂಪಸ್ಸಿನಲ್ಲಿ ಯಾರಾದರೂ ನೋಡಿಬಿಟ್ಟರೆ ಅಂತ ಅಂಜಿಕೆ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡು: 14416. ದಿನದ ಯಾವ ಹೊತ್ತಿಗಾದರೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡಕ್ಕೂ ತೆರೆದಿರುವ ಸೇವೆ ಅದು. ಇನ್ನೊಂದು ತಿಂಗಳು ನೋಡೋಣ ಅಂತ ಮುಂದೂಡಬೇಡ.

ಮಗ ಶುಲ್ಕ ಕಟ್ಟಿ ಸೇರಿದ್ದಾನೆ. ಈಗ ಬೇರೆ ಕಡೆ ಸೀಟು ಬಂದಿದೆ. ದುಡ್ಡು ವಾಪಸ್ ಬರುತ್ತದಾ? ಅಂಕಪಟ್ಟಿ ಮೂಲಪ್ರತಿ ಅವರ ಹತ್ತಿರವೇ ಇದೆ.
ತಾಯಿ, ಮಂಡ್ಯ

ಮೂಲಪ್ರತಿಯನ್ನು ಇಟ್ಟುಕೊಳ್ಳುವಂತಿಲ್ಲಮ್ಮ. ಪರಿಶೀಲಿಸಿ ವಾಪಸ್ ಕೊಡಬೇಕು ಅಂತ ಯುಜಿಸಿ ಹೇಳಿದೆ. ದುಡ್ಡಿನದು ತಾರೀಖಿನ ಲೆಕ್ಕ. ಯುಜಿಸಿಯ 2018ರ ಸೂಚನೆ ಪ್ರಕಾರ, ಪ್ರವೇಶದ ಕೊನೆಯ ದಿನಕ್ಕೆ 15 ಅಥವಾ ಹೆಚ್ಚು ದಿನ ಇರುವಾಗಲೇ ಬಿಟ್ಟರೆ ಶೇ. 100, ಆಡಳಿತದ ಖರ್ಚು ಅಂತ ಸ್ವಲ್ಪ ಹಿಡಿದುಕೊಳ್ಳಬಹುದು. ಆ 15 ದಿನದೊಳಗಾದರೆ ಶೇ. 90. ಕೊನೆಯ ದಿನ ಕಳೆದು 15 ದಿನದವರೆಗೆ ಶೇ. 80. 16ರಿಂದ 30 ದಿನದವರೆಗೆ ಶೇ. 50. ಆಮೇಲೆ ಏನೂ ಇಲ್ಲ, ಠೇವಣಿ ಮಾತ್ರ ಪೂರ್ತಿ ವಾಪಸ್. ಕೆಲವು ವರ್ಷ ಯುಜಿಸಿ ಬೇರೆ ಸುತ್ತೋಲೆ ಹೊರಡಿಸಿ ಇನ್ನೂ ಸಡಿಲ ಮಾಡಿದ್ದುಂಟು, ಈ ವರ್ಷದ್ದನ್ನೂ ನೋಡಿ.

ಬಾಯಲ್ಲಿ ಹೇಳಿ ಬರಬೇಡಿ. ಅರ್ಜಿ ಎರಡು ಪ್ರತಿ ಬರೆದು, ಒಂದರ ಮೇಲೆ ಆಫೀಸಿನ ಸೀಲು, ತಾರೀಖು ಹಾಕಿಸಿಕೊಳ್ಳಿ. ಗುಮಾಸ್ತರು ‘ನಾಳೆ ಬನ್ನಿ’ ಅಂದರೆ ಇವತ್ತಿನ ತಾರೀಖು ಹಾಕಿಸಿಕೊಂಡೇ ಹೊರಡಿ.